ಪೇನ್ ಕಿಲ್ಲರ್ ಬಿಡೋವಾಗ ಬರೋ ಗಾಬರಿನ ದಾಟೋದು ಹೇಗೆ

ಡಾಕ್ಟ್ರು ಬರ್ಕೊಟ್ಟ ಮಾತ್ರೆನೇ, ಹೇಳಿದ ಹಾಗೇ ನುಂಗಿದ್ದು, ಆದ್ರೂ ಬಿಡಕ್ಕೆ ಹೋದ್ರೆ ಎದೆ ಡವಡವ ಅನ್ನತ್ತೆ, ಕೈ ನಡುಗತ್ತೆ, ಏನೋ ಕೆಟ್ಟದ್ದು ಆಗೇ ಹೋಗತ್ತೆ ಅನ್ಸತ್ತೆ ಅಂತ ಕಂಗಾಲಾಗಿರೋರಿಗೆ ಇದನ್ನ ಬರೀತಿದೀನಿ. ಬೆನ್ನಿನ ಆಪರೇಷನ್ ಆದ್ಮೇಲೆ ಏಳೆಂಟು ತಿಂಗಳು ಟ್ರಮಡಾಲ್ ತಗೊಂಡು ಆಮೇಲೆ ಬಿಟ್ಟೋನು ನಾನು, ಬೆನ್ನು ನೋವಿಗಿಂತ ಆ ಗಾಬರಿನೇ ನನ್ನ ಹಣ್ಣು ಮಾಡಿದ್ದು.

ನಾನು ಹೇಳ್ತಿರೋದು ಪ್ಯಾರಾಸಿಟಮಾಲ್ ಬಗ್ಗೆ ಅಲ್ಲ, ಟ್ರಮಡಾಲ್, ಟಪೆಂಟಡಾಲ್, ಕೋಡೀನ್, ಆಕ್ಸಿಕೋಡೋನ್, ಮಾರ್ಫಿನ್ ಥರದ ಓಪಿಯಾಯ್ಡ್, ಅಂದ್ರೆ ಅಫೀಮಿನ ಥರ ಕೆಲಸ ಮಾಡೋ ಮಾತ್ರೆಗಳ ಬಗ್ಗೆ. ಇವು ಮೆದುಳಲ್ಲಿ ನಾರ್‌ಅಡ್ರಿನಲಿನ್ ಅನ್ನೋ ಕೆಮಿಕಲ್‌ನ ತಗ್ಗಿಸಿ ಇಟ್ಟಿರ್ತವೆ, ಅಪಾಯ ಬಂದಾಗ ನಮ್ಮನ್ನ ಎಚ್ಚರಿಸೋದೇ ಅದು. ತಿಂಗಳುಗಟ್ಟಲೆ ಮಾತ್ರೆ ಇದ್ದು ಮೆದುಳು ಅದಕ್ಕೇ ಒಗ್ಗಿ ಹೋಗಿರತ್ತೆ, ಮಾತ್ರೆ ನಿಂತ ತಕ್ಷಣ ಆ ಕೆಮಿಕಲ್ ಒಂದೇ ಸಲ ಉಕ್ಕಿ ಬರತ್ತೆ, ಅದಕ್ಕೇ ಬೆವರು, ಮೈ ಜುಮ್ ಅನ್ನೋದು, ಮೇಲಿಂದ ಮೇಲೆ ಆಕಳಿಕೆ, ಮೂಗು ಸೋರೋದು, ಭೇದಿ, ನಿದ್ದೆ ಇಲ್ದಿರೋದು, ಇವೆಲ್ಲದರ ಜೊತೆಗೆ ಕಾರಣನೇ ಇಲ್ದಿರೋ ಭಯ. ನಿಮ್ಮ ಮನಸ್ಸು ದುರ್ಬಲ ಅಂತ ಅಲ್ಲ, ಖಂಡಿತ ಅಲ್ಲ.

ಏಕಾಏಕಿ ನಿಲ್ಲಿಸ್ಬೇಡಿ. ಇದೊಂದು ಮಾತು ಕೇಳಿದ್ರೂ ಅರ್ಧ ಗಾಬರಿ ಕಮ್ಮಿ ಆಗತ್ತೆ. ಡಾಕ್ಟ್ರ ಹತ್ರ ಹೋಗಿ ಎಷ್ಟು ದಿನದಿಂದ, ದಿನಕ್ಕೆ ಎಷ್ಟು ತಗೋತಿದೀನಿ ಅಂತ ಮುಚ್ಚಿಡದೆ ಹೇಳಿ, ಎರಡು ಮಾತ್ರೆ ಜಾಸ್ತಿ ನುಂಗ್ತಿದ್ರೆ ಅದನ್ನೂ ಹೇಳಿ. ವರ್ಷದ ಮೇಲೆ ತಗೊಂಡಿರೋರಿಗೆ ತಿಂಗಳಿಗೆ ಸುಮಾರು 10% ಡೋಸ್ ಇಳಿಸೋದೂ ಉಂಟು, ಅಷ್ಟು ನಿಧಾನ. ತಡೆಯಕ್ಕಾಗ್ದಿದ್ರೆ ಇನ್ನೂ ಇಳಿಸದೆ ಅದೇ ಡೋಸಲ್ಲೇ ಸ್ವಲ್ಪ ದಿನ ಇರ್ಬೋದು. ಕ್ಲೋನಿಡಿನ್ ಅಂತ ಒಂದು ಮಾತ್ರೆ ಇದೆ, ಆ ನಾರ್‌ಅಡ್ರಿನಲಿನ್ ಉಕ್ಕೋದನ್ನೇ ತಗ್ಗಿಸತ್ತೆ, ಆದ್ರೆ ಬಿಪಿನೂ ಇಳಿಸತ್ತೆ, ಹಾಗಾಗಿ ಡಾಕ್ಟ್ರು ಕೊಟ್ರೆ ಮಾತ್ರ. ಕೆಲವ್ರಿಗೆ ಬ್ಯೂಪ್ರಿನಾರ್ಫಿನ್ ಅಂತ, ಇಂಥ ಮಾತ್ರೆ ಬಿಡಕ್ಕೆ ಅಂತಲೇ ಡಾಕ್ಟ್ರು ಕೊಡೋ ಔಷಧಿ ಬೇಕಾಗತ್ತೆ, ಅದನ್ನ ತಗೊಂಡ್ರೆ ಸೋತ ಹಾಗೆ ಅಂತ ದಯವಿಟ್ಟು ಅಂದ್ಕೋಬೇಡಿ. ಬಸುರಿಯರಂತೂ ತಾವಾಗೇ ನಿಲ್ಲಿಸ್ಲೇಬಾರದು. ಟ್ರಮಡಾಲ್ ಅಂತೂ ಖಿನ್ನತೆಗೆ ಕೊಡೋ ಮಾತ್ರೆಗಳ ಥರನೂ ಕೆಲಸ ಮಾಡತ್ತೆ, ಅದಕ್ಕೇ ಅದನ್ನ ಬಿಡೋವಾಗ ಕೆಲವ್ರಿಗೆ ಪ್ಯಾನಿಕ್ ಅಟ್ಯಾಕ್ ಜೋರಾಗೇ ಬರತ್ತೆ.

ದಿನಗಳ ಲೆಕ್ಕ ಗೊತ್ತಿದ್ರೆ ಧೈರ್ಯ ಬರತ್ತೆ. ಪ್ರಭಾವ ಬೇಗ ಇಳಿಯೋ ಮಾತ್ರೆ ಪೂರ್ತಿ ನಿಂತ್ರೆ 8ರಿಂದ 24 ಗಂಟೆ ಒಳಗೆ ಈ ಕಾಟ ಶುರು ಆಗತ್ತೆ, ಎರಡನೇ ಮೂರನೇ ದಿನ ತಾರಕಕ್ಕೆ ಹೋಗತ್ತೆ, ಒಂದು ವಾರ ಹತ್ತು ದಿನದಲ್ಲಿ ಮೈಯ ಕಾಟ ಬಹುಪಾಲು ಇಳಿಯತ್ತೆ. ನಿದ್ದೆ ಮತ್ತೆ ಗಾಬರಿ ಮಾತ್ರ ವಾರಗಟ್ಟಲೆ, ಕೆಲವ್ರಿಗೆ ತಿಂಗಳುಗಟ್ಟಲೆ ಬಂದು ಹೋಗಿ ಮಾಡ್ತಿರತ್ತೆ, ಮೂರು ದಿನ ಚೆನ್ನಾಗಿದ್ದು ನಾಲ್ಕನೇ ದಿನ ಮತ್ತೆ ಬಂದ್ರೆ ಎಲ್ಲಾ ನೀರಲ್ಲಿ ಹೋಮ ಆಯ್ತು ಅಂತಲ್ಲ.

ರಾತ್ರಿನೇ ಕಷ್ಟ. ಮೂರು ಗಂಟೆಗೆ ಎಚ್ಚರ ಆಗೋದು, ಬನಿಯನ್ ಒದ್ದೆ, ಕಾಲು ಒಂದು ಕಡೆ ನಿಲ್ಲಲ್ಲ, ಡ್ರಾಯರಲ್ಲಿ ಇರೋ ಸ್ಟ್ರಿಪ್‌ನ ಬೆಳ್ಳಿ ಕಾಗದ ಚರಚರ ಅನ್ನೋ ಸದ್ದು ಕೈ ಹಾಕೋಕೆ ಮುಂಚೆನೇ ಕಿವೀಲಿ ಕೇಳ್ಸೋದು. ಮಾರನೇ ದಿನವೇ ಸ್ಟ್ರಿಪ್ಪುಗಳನ್ನ ಹೆಂಡತಿ ಕೈಗೆ ಕೊಟ್ಟೆ, ದಿನದ ಲೆಕ್ಕ ಅವಳೇ ಎಣಿಸಿ ಕೊಡ್ತಿದ್ಲು, ನೀವೂ ಹಾಗೆ ಯಾರ ಕೈಗಾದ್ರೂ ಕೊಟ್ಬಿಡಿ. ಅಂಥ ಹೊತ್ತಲ್ಲಿ ಮಲಗೇ ಒದ್ದಾಡ್ಬೇಡಿ, ಎದ್ದು ಕೂತ್ಕೊಳ್ಳಿ, ಎರಡೂ ಪಾದ ನೆಲಕ್ಕೆ ಊರಿ ನೆಲ ತಣ್ಣಗಿದ್ಯಾ ಬೆಚ್ಚಗಿದ್ಯಾ ಗಮನಿಸಿ, ಮೂಗಿಂದ ನಾಲ್ಕು ಎಣಿಸೋವಷ್ಟು ಉಸಿರು ಎಳ್ಕೊಂಡು ಆರು ಎಣಿಸೋವಷ್ಟು ನಿಧಾನಕ್ಕೆ ಬಿಡಿ, ಬಿಡೋ ಉಸಿರು ಉದ್ದ ಇರ್ಬೇಕು, ಗುಟ್ಟು ಅದೇ, ಉಸಿರು ಬಿಡೋವಾಗ ಎದೆ ಬಡಿತ ತಾನಾಗೇ ಇಳಿಯತ್ತೆ. ಐದು ನಿಮಿಷ ಮಾಡಿ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಹೋಗಿ ಇಳಿಯಕ್ಕೆ ಶುರು ಆಗತ್ತೆ, ಗಡಿಯಾರ ನೋಡ್ಕೊಂಡೇ ಕೂತ್ಕೊಳ್ಳಿ ಬೇಕಾದ್ರೆ. ಕಾಲಿನ ಚಡಪಡಿಕೆಗೆ ಬಿಸಿನೀರು, ಮೀನಖಂಡ ತಿಕ್ಕೋದು, ಮನೆಯೊಳಗೇ ನಾಲ್ಕು ಹೆಜ್ಜೆ. ಮಾತ್ರೆ ಬಿಡೋದೋ ಬೇಡ್ವೋ ಅನ್ನೋ ತೀರ್ಮಾನನ ಆ ಹೊತ್ತಲ್ಲಿ ತಗೋಬೇಡಿ, ಬೆಳಗಾಗ್ಲಿ.

ಕಾಫಿ ಟೀ ಕಮ್ಮಿ ಮಾಡಿ, ಎದೆ ಬಡಿತನ ಅದೂ ಜಾಸ್ತಿ ಮಾಡತ್ತೆ. ಭೇದಿ ಆಗ್ತಿದ್ರೆ ಓಆರ್‌ಎಸ್ ಕುಡೀರಿ, ಮೈಯಲ್ಲಿ ನೀರು ಕಮ್ಮಿ ಆದ್ರೂ ತಲೆ ಸುತ್ತಿ ಗಾಬರಿ ಅನ್ಸತ್ತೆ.

ಇನ್ನು ಪ್ರಾಣಕ್ಕೇ ಬರೋ ತಪ್ಪುಗಳು. ಗಾಬರಿಗೆ ಅಂತ ಎಣ್ಣೆ ಹೊಡೆಯೋದು, ಇಲ್ಲಾ ಯಾರದ್ದೋ ಅಲ್‌ಪ್ರಜೋಲಾಮ್ ಅನ್ನೋ ಆತಂಕದ ಮಾತ್ರೆ ಇಸ್ಕೊಂಡು ನುಂಗೋದು ಬೇಡವೇ ಬೇಡ, ಓಪಿಯಾಯ್ಡ್ ಜೊತೆ ಸೇರಿದ್ರೆ ಉಸಿರೇ ನಿಂತು ಹೋಗ್ಬೋದು. ಭೇದಿ ಮಾತ್ರೆ ಲೋಪೆರಮೈಡ್‌ನ ಮಿತಿ ಮೀರಿ ತಗೊಂಡ್ರೆ ಹೃದಯಕ್ಕೆ ಏಟು. ಕೆಲವು ದಿನ ಬಿಟ್ಟು ಸೋತು ಮತ್ತೆ ಹಳೇ ಡೋಸೇ ತಗೊಳ್ಳೋದು ಎಲ್ಲಕ್ಕಿಂತ ಅಪಾಯ, ಮೈಗೆ ಆ ಅಭ್ಯಾಸ ತಪ್ಪಿರತ್ತೆ, ಮೊದ್ಲು ತಡ್ಕೊಂಡಿದ್ದ ಡೋಸೇ ಈಗ ಓವರ್‌ಡೋಸ್ ಆಗ್ಬೋದು. ನಲೋಕ್ಸೋನ್ ಅನ್ನೋ ಔಷಧಿ ಆ ಓವರ್‌ಡೋಸ್‌ನ ಪರಿಣಾಮನ ಇಳಿಸತ್ತೆ, ಮನೇಲಿ ಇಟ್ಕೋಬೋದಾ ಅಂತ ಡಾಕ್ಟ್ರನ್ನ ಕೇಳಿ.

ಫಿಟ್ಸ್ ಬಂದ್ರೆ, ಎದೆ ನೋವು ಬಂದ್ರೆ, ಕುಡಿದ ನೀರೂ ವಾಂತಿ ಆಗ್ತಿದ್ರೆ, ಇಲ್ದಿರೋದು ಕಾಣಿಸಿದ್ರೆ, ಬದುಕೇ ಬೇಡ ಅನ್ಸಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಪಕ್ಕದಲ್ಲಿ ಮಲಗಿರೋರನ್ನ ಎಬ್ಬಿಸಿ, ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ ಅನ್ನಿ.