ಪ್ರೊಸೆಸರ್ ಬದಲಿಸಿದರೆ ವಿಂಡೋಸ್ ಮತ್ತೆ ಹಾಕಬೇಕಾ?

ನನ್ನ ಕೆಲಸ ಪುಸ್ತಕಗಳ ಪುಟ ವಿನ್ಯಾಸ. ಕಂಪ್ಯೂಟರಿನಲ್ಲಿ ನಾನೂರಕ್ಕೂ ಹೆಚ್ಚು ಫಾಂಟುಗಳಿವೆ. ವರ್ಷಗಟ್ಟಲೆ ಕೂತು ಹೊಂದಿಸಿಕೊಂಡ ಶಾರ್ಟ್‌ಕಟ್ಟುಗಳಿವೆ, ಬಣ್ಣದ ಪ್ರೊಫೈಲುಗಳಿವೆ. ಹಳೆಯ ಪ್ರೊಸೆಸರ್ ರೈಜನ್ 5 1600 ತೆಗೆದು ರೈಜನ್ 7 5700ಎಕ್ಸ್ ಹಾಕುವ ಮನಸ್ಸು ಮಾಡಿದಾಗ ಇದೆಲ್ಲ ಹೋಗಿಬಿಡುತ್ತದಲ್ಲ ಅನ್ನುವುದೇ ನನ್ನ ಚಿಂತೆ. ನಾನು ಕೇಳಿದವರೆಲ್ಲ ಒಂದೇ ಮಾತು ಹೇಳಿದ್ದರು: ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ.

ನಾನು ಹಾಕಲಿಲ್ಲ. ಅದೇ ವಿಂಡೋಸ್, ಅದೇ ಫಾಂಟುಗಳು ಇವತ್ತಿಗೂ ನಡೆಯುತ್ತಿವೆ.

ಕಾರಣ ಸರಳ. ವಿಂಡೋಸ್ ಪ್ರತಿ ಸಲ ಆನ್ ಆಗುವಾಗಲೂ ಎದುರಿಗೆ ಯಾವ ಪ್ರೊಸೆಸರ್ ಇದೆ, ಎಷ್ಟು ಕೋರ್ ಇವೆ ಎಂದು ನೋಡಿಕೊಳ್ಳುತ್ತದೆ. ಆರು ಕೋರ್ ಹೋಗಿ ಎಂಟು ಬಂದರೆ ಎಂಟನ್ನೂ ಬಳಸುತ್ತದೆ. ಡಿಸ್ಕ್, ನೆಟ್‌ವರ್ಕ್, ಯುಎಸ್‌ಬಿ, ಇವುಗಳ ಡ್ರೈವರ್ (ಆಯಾ ಭಾಗವನ್ನು ನಡೆಸುವ ತಂತ್ರಾಂಶ) ಎಲ್ಲ ಮದರ್‌ಬೋರ್ಡಿಗೆ, ಅಂದರೆ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಬೋರ್ಡಿಗೆ ಸೇರಿದ್ದು. ಬೋರ್ಡ್ ಅದೇ ಇದ್ದರೆ ಅವೂ ಅವೇ. ಲಿನಕ್ಸ್ ಬಳಸುವವರಿಗೆ ಇನ್ನೂ ಸುಲಭ, ಬಹುತೇಕ ಡ್ರೈವರುಗಳು ಅದರ ತಿರುಳಾದ ಕರ್ನಲ್‌ನಲ್ಲೇ ಇರುತ್ತವೆ.

ಹಾಗಾದರೆ ಅಷ್ಟೊಂದು ಜನ ಯಾಕೆ ಫಾರ್ಮ್ಯಾಟ್ ಮಾಡುತ್ತಾರೆ? ಹೊಸ ಪ್ರೊಸೆಸರ್ ಹಾಕಿದ ಮೊದಲ ದಿನ ಒಂದೆರಡು ತೊಡಕು ಎದುರಾಗುತ್ತವೆ. ವಿಂಡೋಸ್ ಕೆಟ್ಟಿತು ಅಂದುಕೊಳ್ಳುತ್ತಾರೆ. ನಿಜವಾಗಿ ಬದಲಾಗಿರುವುದು ಬಯೋಸ್‌ನ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಪುಟ್ಟ ಪ್ರೋಗ್ರಾಮಿನ ಸೆಟ್ಟಿಂಗ್.

ಮೊದಲು ಹೊಂದಾಣಿಕೆ. ಸಾಕೆಟ್, ಅಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ, ಒಂದೇ ಆದರೆ ಸಾಲದು. ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್ ಆರನೇ ತಲೆಮಾರಿನಿಂದ ಒಂಬತ್ತನೆಯದರವರೆಗೆ ಬಂತು. ಆದರೂ ಎಂಟನೇ ತಲೆಮಾರಿಗೆ 300 ಸರಣಿಯ ಬೋರ್ಡೇ ಬೇಕು. ಎಎಂಡಿಯ ಎಎಂ4 ಸಾಕೆಟ್ಟಿಗೆ 2017ರ ಮೊದಲ ರೈಜನ್ನೂ ಕೂರುತ್ತದೆ, 2022ರ 5700ಎಕ್ಸೂ ಕೂರುತ್ತದೆ, ಆದರೆ ಬಯೋಸ್ ಹೊಸದಿರಬೇಕು. ನಿಮ್ಮ ಬೋರ್ಡಿನ ವೆಬ್ ಪುಟದಲ್ಲಿ ಪ್ರೊಸೆಸರುಗಳ ಪಟ್ಟಿ ಇರುತ್ತದೆ. ಯಾವುದಕ್ಕೆ ಯಾವ ಬಯೋಸ್ ಆವೃತ್ತಿಯಿಂದ ಬೆಂಬಲ ಎಂದೂ ಅಲ್ಲೇ ಬರೆದಿರುತ್ತಾರೆ. ಇನ್ನೊಂದು ವಿಷಯ: ರೈಜನ್ 5700ಎಕ್ಸ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೂ ಹಾಗೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆಯಲ್ಲಿ ಏನೂ ಬರುವುದಿಲ್ಲ.

ಬಯೋಸ್ ಅಪ್‌ಡೇಟ್ ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಿ. ತೆಗೆದ ಮೇಲೆ ನೆನಪಾದರೆ ಸಾಮಾನ್ಯವಾಗಿ ಮತ್ತೆ ಹಳೆಯದನ್ನೇ ಕೂರಿಸಬೇಕಾಗುತ್ತದೆ. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಫೈಲ್ ಹಾಕಿ, ಬಯೋಸ್‌ನ ಒಳಗಿರುವ ಅಪ್‌ಡೇಟ್ ಸಲಕರಣೆಯಿಂದಲೇ ಮಾಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು. ಯುಪಿಎಸ್ ಇಲ್ಲದೆ ನಾನಂತೂ ಈ ಕೆಲಸಕ್ಕೆ ಕೈ ಹಾಕುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ದಯವಿಟ್ಟು ಇದನ್ನು ದಾಟಿ ಹೋಗಬೇಡಿ. ನಿಮ್ಮ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯಾ, ಅಂದರೆ ಕೀ ಇಲ್ಲದೆ ಓದಲಾಗದಂತೆ ಅದಕ್ಕೆ ಬೀಗ ಬಿದ್ದಿದೆಯಾ ನೋಡಿ. ವಿಂಡೋಸ್ 11 ಹಲವು ಕಂಪ್ಯೂಟರುಗಳಲ್ಲಿ ಇದನ್ನು ತಾನೇ ಆನ್ ಮಾಡಿರುತ್ತದೆ, ನಮಗೆ ಗೊತ್ತೂ ಆಗಿರುವುದಿಲ್ಲ. ನನ್ನ ಅಕ್ಕನ ಕಂಪ್ಯೂಟರಿಗೆ ಪ್ರೊಸೆಸರ್ ಹಾಕಿಕೊಟ್ಟಾಗ ನಾನು ಇದನ್ನು ನೋಡಿರಲಿಲ್ಲ. ಆನ್ ಮಾಡಿದ ಕೂಡಲೇ ನೀಲಿ ಪರದೆ ಬಂತು, ವಿಂಡೋಸ್‌ನ ಈ ಬೀಗವಾದ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕೇಳಿತು. ಅವಳ ಹತ್ತು ವರ್ಷದ ಫೋಟೋ ಎಲ್ಲ ಅದರಲ್ಲೇ. ಅವಳ ಮುಖ ನೋಡಲಿಕ್ಕೆ ಆಗಲಿಲ್ಲ. ಕೀ ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿತ್ತು. ಆದರೆ ಆ ಖಾತೆಯ ಪಾಸ್‌ವರ್ಡ್ ಮರೆತಿತ್ತು. ಅದನ್ನು ಮತ್ತೆ ಪಡೆದು ಒಳಗೆ ಹೋಗುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು.

ಹೀಗೆ ಆಗುವುದಕ್ಕೆ ಕಾರಣ ಟಿಪಿಎಂ ಎಂಬ ಭದ್ರತಾ ಭಾಗ. ಬೀಗ ತೆಗೆಯುವ ಗುಟ್ಟು ಅದರ ವಶದಲ್ಲಿರುತ್ತದೆ. ಈಚಿನ ಕಂಪ್ಯೂಟರುಗಳಲ್ಲಿ ಟಿಪಿಎಂ ಬಹುಪಾಲು ಬೇರೆ ಚಿಪ್ ಆಗಿರುವುದಿಲ್ಲ. ಎಎಂಡಿಯಲ್ಲಿ ಅದರ ಹೆಸರು ಎಫ್‌ಟಿಪಿಎಂ. ಅದು ಪ್ರೊಸೆಸರಿಗೇ ಅಂಟಿಕೊಂಡಿರುತ್ತದೆ, ಹಾಗಾಗಿ ಪ್ರೊಸೆಸರ್ ಹೋದರೆ ಗುಟ್ಟೂ ಹೋಯಿತು. ಆದ್ದರಿಂದ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಡಿ, ಮುಖ್ಯ ಫೈಲುಗಳ ನಕಲು ಬೇರೆ ಡಿಸ್ಕಿನಲ್ಲಿರಲಿ. ವಿಂಡೋಸ್ ಪ್ರೊ ಆದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ತೆರೆದು ರಕ್ಷಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಆದರೆ ಒಂದು ಸಲ ರೀಸ್ಟಾರ್ಟ್ ಆದರೆ ಅದು ಮತ್ತೆ ತಾನೇ ಶುರುವಾಗುತ್ತದೆ. ಬಯೋಸ್ ಅಪ್‌ಡೇಟಿಗೆ ಮೊದಲು ಒಮ್ಮೆ ನಿಲ್ಲಿಸಿ, ಪ್ರೊಸೆಸರ್ ತೆಗೆಯಲು ಶಟ್‌ಡೌನ್ ಮಾಡುವ ಮುಂಚೆ ಇನ್ನೊಮ್ಮೆ ನಿಲ್ಲಿಸಿ.

ಕೈಕೆಲಸದಲ್ಲಿ ಎಎಂ4ನವರು ಹುಷಾರಾಗಿರಬೇಕಾದ ಜಾಗ ಒಂದಿದೆ. ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿರುತ್ತವೆ. ಪ್ರೊಸೆಸರಿಗೂ ಅದನ್ನು ತಣ್ಣಗಿಡುವ ಕೂಲರಿಗೂ ನಡುವೆ ಹಚ್ಚಿದ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಗೋಂದಿನ ಹಾಗೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ, ಸಾಕೆಟ್ಟಿನ ಲಿವರ್ ಹಾಕಿದ್ದರೂ ಪ್ರೊಸೆಸರ್ ಕೂಲರಿನ ಜೊತೆಗೇ ಕಿತ್ತುಕೊಂಡು ಬರಬಹುದು. ನನ್ನ 1600 ಹಾಗೇ ಬಂತು. ಮೂರು ಪಿನ್ ಬಾಗಿತ್ತು. ಖಾಲಿ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯನ್ನು ಒಂದೊಂದು ಪಿನ್ನಿಗೆ ತೂರಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ನೀವು ಹೀಗೆ ಮಾಡಿ: ಹತ್ತು ಹದಿನೈದು ನಿಮಿಷ ಏನಾದರೂ ಭಾರದ ಕೆಲಸ ಓಡಿಸಿ ಪ್ರೊಸೆಸರ್ ಬಿಸಿ ಮಾಡಿ. ಆಫ್ ಮಾಡಿ ಪ್ಲಗ್ ಕಿತ್ತು, ಪೇಸ್ಟ್ ಮೆತ್ತಗಿರುವಾಗಲೇ ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಗಿಸುತ್ತಾ ಬಿಡಿಸಿ. ಉಳಿದದ್ದು ಸುಲಭ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಪ್ರೊಸೆಸರ್ ಇಡಿ. ಒತ್ತಬೇಡಿ, ತಾನಾಗಿ ಕೂರಬೇಕು. ಬಟಾಣಿಯಷ್ಟು ಪೇಸ್ಟ್ ಸಾಕು. ನನ್ನ ಹಳೆಯದೂ ಹೊಸದೂ 65 ವ್ಯಾಟಿನವು, ಹಾಗಾಗಿ ಕೂಲರ್ ಬದಲಿಸಲಿಲ್ಲ. ನಿಮ್ಮದು 105 ವ್ಯಾಟಿಗೆ ಏರುತ್ತಿದ್ದರೆ ದೊಡ್ಡ ಕೂಲರ್ ತನ್ನಿ.

ಮೊದಲ ಸಲ ಆನ್ ಮಾಡಿದಾಗ ಒಂದೆರಡು ನಿಮಿಷ ಪರದೆ ಕಪ್ಪಗೇ ಇರಬಹುದು. ಗಾಬರಿಯಾಗಿ ಆಫ್ ಮಾಡಬೇಡಿ. ಎಎಂಡಿಯಾದರೆ ಹೊಸ ಸಿಪಿಯು (ಅಂದರೆ ಪ್ರೊಸೆಸರ್) ಕಂಡಿದೆ, ಎಫ್‌ಟಿಪಿಎಂ ರೀಸೆಟ್ ಮಾಡಲಾ ಎಂದು ಕೇಳಬಹುದು. ರಿಕವರಿ ಕೀ ಕೈಯಲ್ಲಿದ್ದರೆ ಧೈರ್ಯವಾಗಿ ವೈ ಒತ್ತಿ. ಇಲ್ಲದಿದ್ದರೆ ಎನ್ ಒತ್ತಿ, ಹಳೆಯ ಪ್ರೊಸೆಸರನ್ನೇ ವಾಪಸ್ ಹಾಕಿ ಮೊದಲು ಕೀ ಹುಡುಕಿ.

ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂದರೆ ಬಯೋಸ್‌ಗೆ ಹೋಗಿ. ಅಪ್‌ಡೇಟ್ ಆದಾಗ ಸೆಟ್ಟಿಂಗುಗಳೆಲ್ಲ ಬೋರ್ಡ್ ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳಿರುತ್ತವೆ. ವಿಂಡೋಸ್ ಎಂಬಿಆರ್ ಎಂಬ ಹಳೆಯ ವಿಭಜನಾ ಪದ್ಧತಿಯ ಡಿಸ್ಕಿನಲ್ಲಿದ್ದರೆ, ಹಳೆಯ ರೀತಿಯಲ್ಲಿ ಬೂಟ್ ಆಗಲು ಬಿಡುವ ಸಿಎಸ್‌ಎಂ ಸೆಟ್ಟಿಂಗ್ ಆನ್ ಇರಬೇಕು. ಅದು ಆಫ್ ಆಗಿಬಿಟ್ಟರೆ ಆ ಡಿಸ್ಕು ಬೂಟ್ ಪಟ್ಟಿಯಲ್ಲೇ ಕಾಣುವುದಿಲ್ಲ. ಡಿಸ್ಕ್ ಜೋಡಣೆಯ ಸಾಟಾ ಸೆಟ್ಟಿಂಗ್ ಎಎಚ್‌ಸಿಐನಲ್ಲಿತ್ತೋ ರೇಡ್‌ನಲ್ಲಿತ್ತೋ ಅದೂ ಮೊದಲಿನಂತೆಯೇ ಇರಬೇಕು, ತಪ್ಪಿದರೆ ನೀಲಿ ಪರದೆ ಬರುತ್ತದೆ. ಬಹಳ ಜನ ಫಾರ್ಮ್ಯಾಟ್ ಮಾಡಿಬಿಡುವುದು ಇಲ್ಲೇ. ಹಳೆಯ ಬಯೋಸ್ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದರೆ ಐದು ನಿಮಿಷದ ಕೆಲಸ. ಜೊತೆಗೆ ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ. ನನ್ನ 3200 ವೇಗದ ರ‍್ಯಾಮ್ ಸುಮ್ನೆ 2133ರಲ್ಲಿ ಓಡುತ್ತಿತ್ತು. ಹೊಸ ಪ್ರೊಸೆಸರ್ ಯಾಕೆ ಅಷ್ಟೇನೂ ಚುರುಕಿಲ್ಲ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ.

ವಿಂಡೋಸ್ ಒಳಗೆ ಹೋದ ಮೇಲೆ ಲಾಗಿನ್ ಪಿನ್ ನಂಬರ್ ಹೊಸದಾಗಿ ಹಾಕಲು ಹೇಳಬಹುದು, ಅದೂ ಟಿಪಿಎಂ ಕಾರಣಕ್ಕೆ. ಪಾಸ್‌ವರ್ಡ್ ನೆನಪಿರಲಿ. ವಿಂಡೋಸ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿರುವುದರಿಂದ ಪ್ರೊಸೆಸರ್ ಮಾತ್ರ ಬದಲಾದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎಎಂಡಿ ಅಥವಾ ಇಂಟೆಲ್‌ನ ಹೊಸ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್) ಡ್ರೈವರ್ ಒಮ್ಮೆ ಹಾಕಿ.

ರೈಜನ್ 1600ಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಇರಲಿಲ್ಲ, 5700ಎಕ್ಸ್‌ಗೆ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ 11ಕ್ಕೆ ಹೋಗಲೂ ಫಾರ್ಮ್ಯಾಟ್ ಬೇಡ. ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಸಲಕರಣೆಯಿಂದ ಡಿಸ್ಕನ್ನು ಹೊಸ ಪದ್ಧತಿಯಾದ ಜಿಪಿಟಿಗೆ ಬದಲಿಸಿದೆ, ಸಿಎಸ್‌ಎಂ ಆಫ್ ಮಾಡಿದೆ, ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಮಾಡಿದೆ.

ಹೊಸದಾಗಿ ಹಾಕಲೇಬೇಕಾದ ಸಂದರ್ಭ ಇಲ್ಲ ಅಂತಲ್ಲ. ಮದರ್‌ಬೋರ್ಡೂ ಬದಲಾಗಿ, ಇಂಟೆಲ್‌ನಿಂದ ಎಎಂಡಿಗೋ ಅಲ್ಲಿಂದ ಇಲ್ಲಿಗೋ ಹೋಗಿದ್ದರೆ ಹಳೆಯ ಡ್ರೈವರುಗಳ ಕಸ ಉಳಿದು ಕಾಡಬಹುದು. ಆಗಲೂ ಮೊದಲು ವಿಂಡೋಸ್ ನಡೆಯುತ್ತಿರುವಾಗಲೇ ಅದರ ಐಎಸ್‌ಒ (ಇನ್‌ಸ್ಟಾಲ್ ಮಾಡುವ) ಫೈಲ್ ತೆರೆದು ಸೆಟಪ್ ಓಡಿಸಿ. ಫೈಲುಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊಳ್ಳುವ ಆಯ್ಕೆ ಒತ್ತಿದರೆ ಸಿಸ್ಟಂ ಮಾತ್ರ ಹೊಸದಾಗುತ್ತದೆ. ಅದಾದ ಮೇಲೂ ಹ್ಯಾಂಗ್ ಆಗುತ್ತಿದ್ದರೆ, ರ‍್ಯಾಮ್ ಮತ್ತು ಬಿಸಿ ಎರಡನ್ನೂ ಪರೀಕ್ಷಿಸಿ ನೋಡಿಯೂ ಕಾರಣ ಸಿಗದಿದ್ದರೆ, ಆಗ ಫಾರ್ಮ್ಯಾಟ್ ಮಾಡಿ.