ಹಳೆ ಸೀರಿಯಲ್ ಪೋರ್ಟಿನ ವೇಗದ ಲೆಕ್ಕ ತಾಳೆಯಾದದ್ದು ಹೀಗೆ

ಹಳೆ ಕಂಪ್ಯೂಟರಿನಿಂದ 1.44 ಎಂಬಿ ಫ್ಲಾಪಿಯ ಇಮೇಜನ್ನು (ಇಡೀ ಡಿಸ್ಕಿನ ಯಥಾಪ್ರತಿ) ಸೀರಿಯಲ್ ಪೋರ್ಟ್ (ಒಂದಾದ ಮೇಲೊಂದು ಬಿಟ್ ಕಳಿಸುವ ಹಳೆ ಕನೆಕ್ಟರ್) ಮೂಲಕ ತೆಗೆಯಬೇಕಿತ್ತು. ವೇಗ ಸೆಕೆಂಡಿಗೆ 1,15,200 ಬಿಟ್. ಬೈಟಿಗೆ 8 ಬಿಟ್ ಅಂತ ಎಂಟರಿಂದ ಭಾಗಿಸಿದರೆ 14,400 ಬೈಟ್ ಬರಬೇಕು, ಅಲ್ವಾ? ಆದರೆ ವೇಗ 11,500ರ ಆಸುಪಾಸಿನಲ್ಲೇ ನಿಂತಿತ್ತು. ಕೇಬಲ್ ಬದಲಿಸಿದರೂ ಅಷ್ಟೇ.

ಕಾರಣ ಸಿಕ್ಕಿದ್ದು ಪೋರ್ಟಿನ ಸೆಟ್ಟಿಂಗಿನಲ್ಲಿ: 8 ಡೇಟಾ ಬಿಟ್, ಪ್ಯಾರಿಟಿ (ತಪ್ಪು ಪತ್ತೆಗೆ ಸೇರಿಸುವ ಒಂದು ಬಿಟ್) ಇಲ್ಲ, ಬೈಟಿನ ಕೊನೆ ಸೂಚಿಸುವ 1 ಸ್ಟಾಪ್ ಬಿಟ್. ಪ್ರತಿ ಬೈಟಿನ ಮುಂದೆ ಆರಂಭ ಸೂಚಿಸುವ ಒಂದು ಸ್ಟಾರ್ಟ್ ಬಿಟ್ ಕೂಡ ಹೋಗುತ್ತದೆ. ಅಂದರೆ ಒಂದು ಬೈಟಿಗೆ ತಂತಿಯಲ್ಲಿ 10 ಬಿಟ್. ಹತ್ತರಿಂದ ಭಾಗಿಸಿದೆ: 11,520. ಇಮೇಜಿನ 14,74,560 ಬೈಟಿಗೆ ಸರಿಯಾಗಿ 128 ಸೆಕೆಂಡ್! ತುಂಬಾ ಖುಷಿಯಾಯಿತು. ಪ್ಯಾರಿಟಿಯೂ ಇದ್ದರೆ ಹನ್ನೊಂದರಿಂದ ಭಾಗಿಸಿ.

ಮೊದಲ ತಲೆಮಾರಿನ ಸಾಟಾ (ಕಂಪ್ಯೂಟರಿಗೆ ಡಿಸ್ಕ್ ಜೋಡಿಸುವ ಒಂದು ವ್ಯವಸ್ಥೆ) ಡಿಸ್ಕಿಗೂ ಹತ್ತರಿಂದಲೇ ಭಾಗಿಸಬೇಕು. ಅಲ್ಲಿ ಪ್ರತಿ 8 ಬಿಟ್ 10 ಬಿಟ್ಟಾಗಿ ಹೋಗುತ್ತದೆ, ಹಾಗಾಗಿ ಸೆಕೆಂಡಿಗೆ 1.5 ಗಿಗಾಬಿಟ್ ಅಂದರೆ 150 ಮೆಗಾಬೈಟ್.