ರಸ್ತೆಯ ತನಕ ಬಂದ ಸುದ್ದಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು, ಹಟ್ಟಿಹೊಳೆಯ ಸುತ್ತಮುತ್ತ ಬರೆ (ಗುಡ್ಡದ ಕಡಿದಾದ ಇಳಿಜಾರು) ಕುಸಿದು ಮನೆ, ತೋಟಗಳು ಕೊಚ್ಚಿಹೋದ ಮೇಲೆ, ಪತ್ರಿಕೆಯಲ್ಲಿ ಹೆಚ್ಚು ಸುದ್ದಿಯಾದ ಊರಿಗೆ ಪರಿಹಾರವೂ ಬೇಗ ತಲುಪಿತೇ ಎಂಬ ಪ್ರಶ್ನೆಯನ್ನು ಹಿಡಿದು ನಾನು ಅರ್ಥಶಾಸ್ತ್ರದ ಸಂಶೋಧನೆಗೆ ತೊಡಗಿದೆ. ದಾರಿ ತೋರಿಸಿದ್ದು ಅರ್ಥಶಾಸ್ತ್ರಜ್ಞರಾದ ಟಿಮೊಥಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನ. 1958ರಿಂದ 1992ರವರೆಗೆ ಭಾರತದ 16 ರಾಜ್ಯಗಳನ್ನು ಪರಿಶೀಲಿಸಿದ ಅವರಿಗೆ, ಪತ್ರಿಕೆಗಳ ಪ್ರಸಾರ ಹೆಚ್ಚಿದ್ದ ಕಡೆ ಬೆಳೆನಷ್ಟಕ್ಕೂ ನೆರೆಹಾವಳಿಗೂ ಸರ್ಕಾರ ಹೆಚ್ಚು ಸ್ಪಂದಿಸಿದ್ದು ಕಂಡಿತು. ಅದರಲ್ಲೂ ಪ್ರಾದೇಶಿಕ ಭಾಷೆಯ ಪತ್ರಿಕೆಗಳ ಪಾತ್ರ ದೊಡ್ಡದಾಗಿತ್ತು.

ಮಡಿಕೇರಿಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಬಿಚ್ಚಿ, ಮಳೆಗಾಲದ ತೇವಕ್ಕೆ ಅಂಟಿಕೊಂಡಿದ್ದ ಹಾಳೆಗಳನ್ನು ಮೆಲ್ಲಗೆ ಬಿಡಿಸಿ, ಅಡಿಪಟ್ಟಿಯಿಂದ ಪ್ರತಿ ಸುದ್ದಿಯ ಉದ್ದವನ್ನು ಅಳೆದೆ. ಚಿತ್ರಗಳನ್ನು ಬೇರೆಯಾಗಿಯೇ ಲೆಕ್ಕ ಹಾಕಿದೆ. ಊರಿನ ಹೆಸರಿಲ್ಲದೆ ಬರೀ ‘ಕೊಡಗು’ ಎಂದಿದ್ದ ಸುದ್ದಿಗಳನ್ನು ಪಕ್ಕಕ್ಕಿಟ್ಟೆ; ರಾಜ್ಯಮಟ್ಟದ ಪತ್ರಿಕೆಗಳಲ್ಲಿ ಅಂಥವೇ ಹೆಚ್ಚು.

ಮೊದಲ ಕರಡಿನಲ್ಲಿ ‘ಸುದ್ದಿ ಹೆಚ್ಚಿದಂತೆ ಪರಿಹಾರ ಹೆಚ್ಚಿತು’ ಎಂದು ಬರೆದಿದ್ದ ಸಾಲನ್ನು ನನ್ನ ಮಾರ್ಗದರ್ಶಕರು ಪೆನ್ಸಿಲ್‌ನಿಂದ ಹೊಡೆದುಹಾಕಿದರು. ಹಾನಿ ದೊಡ್ಡದಾದಲ್ಲಿ ಸುದ್ದಿಯೂ ಪರಿಹಾರವೂ ಎರಡೂ ಹೆಚ್ಚುತ್ತವೆ. ಒಂದು ಇನ್ನೊಂದನ್ನು ತಂದಿತೆನ್ನಲು ಹಾನಿಗೆ ಸಂಬಂಧವೇ ಇಲ್ಲದ ಕಾರಣದಿಂದ ಸುದ್ದಿ ತೆಳುವಾದ ಸಂದರ್ಭ ಬೇಕು. ಥಾಮಸ್ ಐಸೆನ್ಸೀ ಮತ್ತು ಡೇವಿಡ್ ಸ್ಟ್ರೋಮ್‌ಬರ್ಗ್ 2007ರಲ್ಲಿ ಅಂಥದ್ದನ್ನೇ ಬಳಸಿದ್ದರು. 1968ರಿಂದ 2002ರವರೆಗಿನ ಸುಮಾರು 5,000 ವಿಕೋಪಗಳಲ್ಲಿ, ಒಲಿಂಪಿಕ್ಸ್‌ನಂಥ ಸುದ್ದಿಗಳ ಭರಾಟೆಯಲ್ಲಿ ಸಂಭವಿಸಿದವುಗಳಿಗೆ ಅಮೆರಿಕದ ನೆರವು ಸಿಗುವ ಸಾಧ್ಯತೆ ಕಡಿಮೆ ಎಂದು ಅವರು ತೋರಿಸಿದರು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು: 2018ರ ಆಗಸ್ಟ್ 16ರಂದು ಅಟಲ್ ಬಿಹಾರಿ ವಾಜಪೇಯಿ ನಿಧನರಾದರು, ಕೇರಳ ನೆರೆಯಲ್ಲಿ ಮುಳುಗಿತ್ತು, ನಮ್ಮ ಬರೆಗಳು ಜಾರಿದ್ದೂ ಆ ದಿನಗಳಲ್ಲೇ. ಆದರೆ ಆ ಪೈಪೋಟಿ ಕೊಡಗಿನ ಎಲ್ಲ ಊರುಗಳಿಗೂ ಒಂದೇ ಆಗಿದ್ದರಿಂದ, ಊರು ಊರಿನ ನಡುವಿನ ವ್ಯತ್ಯಾಸವನ್ನು ಅದು ವಿವರಿಸಲಾರದು.

ಹಾಗಾಗಿ ಊರೂರು ಅಲೆದೆ. ತೋಟದ ಕಾರ್ಮಿಕರು ವಾಸಿಸುವ ಸಾಲುಮನೆ, ಅಂದರೆ ಲೈನ್‌ಮನೆಯೊಂದರಲ್ಲಿ ಹಿರಿಯ ಕಾರ್ಮಿಕ ಮಹಿಳೆ, ‘ಪೇಪರಿನವರು ಬಂದಿದ್ದರು ಸಾರ್, ರಸ್ತೆಯ ತನಕ. ಕೆಳಗೆ ಯಾರೂ ಇಳಿಯಲಿಲ್ಲ’ ಎಂದರು. ರಸ್ತೆಯಿಂದ ಇರುವ ದೂರವನ್ನು ಅಳತೆಗೆ ತಂದುಕೊಂಡದ್ದು ಆ ಮಾತಿನಿಂದಲೇ. ಅದೂ ಸಾಲದು, ಏಕೆಂದರೆ ಪತ್ರಕರ್ತರು ಇಳಿಯದ ದಾರಿಯಲ್ಲಿ ಅಧಿಕಾರಿಗಳೂ ಇಳಿಯುವುದು ಕಷ್ಟ. ಇನ್ನೂ ಒಂದು ತೊಡಕನ್ನು ನಾನು ಕೊಡಗಿನವನಾಗಿಯೂ ತಡವಾಗಿ ಗಮನಿಸಿದೆ: ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಹಣಿ ಎಷ್ಟೋ ಕಡೆ ತೀರಿಹೋದ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ, ಹೆಸರಿನಲ್ಲೇ ಇರುತ್ತದೆ. ಅಂಥಲ್ಲಿ ತೋಟದ ಪರಿಹಾರ ತಡವಾದರೆ ಅದಕ್ಕೆ ಕಾರಣ ದಾಖಲೆಯೇ ಹೊರತು ಸುದ್ದಿಯ ಕೊರತೆಯಲ್ಲ.

ಈಗ ಜಮೀನಿನ ಪರಿಹಾರವನ್ನೂ ಮನೆಯ ಪರಿಹಾರವನ್ನೂ ಬೇರೆ ಬೇರೆಯಾಗಿ ಲೆಕ್ಕಿಸುತ್ತಿದ್ದೇನೆ. ಕೋಷ್ಟಕದಲ್ಲಿ ಲೈನ್‌ಮನೆಗಳಿಗೆ ಪ್ರತ್ಯೇಕ ಸಾಲುಗಳಿವೆ. ಸುದ್ದಿಯ ಉದ್ದವನ್ನು ಬರೆಯುವ ಅಂಕಣದಲ್ಲಿ ಅವುಗಳ ಎದುರು ಬಹುಪಾಲು ಸೊನ್ನೆಯೇ ಇದೆ.